ದೇವರ ಮುಂದೆ ಸುಮ್ಮನೆ ಕೂರುವುದು: ಯಾವ ಹೊತ್ತು, ಎಷ್ಟು ಹೊತ್ತು, ಹೇಗೆ?

ಪ್ರಶ್ನೆ (ಭಾಲ್ಕಿ ತಾಲೂಕು, ಮೆಥೋಡಿಸ್ಟ್ ಸಭೆ)

ಎಲ್ಲರಿಗೂ ವಂದನೆಗಳು. ಭಾನುವಾರ ಆರಾಧನೆ, ಶುಕ್ರವಾರ ಉಪವಾಸ ಪ್ರಾರ್ಥನೆ, ನಡುವೆ ಮನೆಮನೆ ಕೂಟ, ಎಲ್ಲಾ ಇದೆ. ಎಲ್ಲದರಲ್ಲೂ ಮಾತಾಡುವವರು ನಾವೇ, ಕೇಳಿಸಿಕೊಳ್ಳುವ ಹೊತ್ತು ಇಲ್ಲ. ಎರಡು ಕೋಣೆಯ ಮನೆ, ಮಕ್ಕಳು, ಟಿವಿ. ಕಣ್ಣು ಮುಚ್ಚಿದರೆ ತೂಕಡಿಕೆ, ಇಲ್ಲವೇ ನಾಳೆಯ ಕೆಲಸಗಳ ಸಾಲು. ಎಲ್ಲಿಂದ ಶುರು ಮಾಡಬೇಕು? ಅತ್ತೆಯವರಿಗೆ ಓದಲು ಬರುವುದಿಲ್ಲ, ಅವರಿಗೂ ಆಗುತ್ತದೆಯೇ?

ಉತ್ತರ (ಕಲಬುರಗಿ)

ಅಕ್ಕಾರ, ಹತ್ತು ನಿಮಿಷದಿಂದ ಶುರು ಮಾಡ್ರಿ. ಮೊದಲ ದಿನಾನೇ ಅರ್ಧ ತಾಸು ಅಂತ ಹಟ ಹಿಡಿದವ್ರು ಲಗೂನ ಬಿಟ್ಟುಬಿಡ್ತಾರ. ಬ್ಯಾಸಗ್ಯಾಗ ನಮ್ಮ ಕಡೆ ಹೊತ್ತು ಏರಿದ ಮ್ಯಾಲ ಒಳಗ ಕೂಡೂದು ಆಗಂಗಿಲ್ಲ, ಐದೂವರಿಗೆ ಮಾಳಿಗಿ ಮ್ಯಾಲ ಕೂಡ್ರಿ. ಹಾಸಿಗಿ ಮ್ಯಾಲ ಬ್ಯಾಡ್ರಿ, ನಿದ್ದಿ ಬರೂದು ಅಲ್ಲೇ. ಮುಖ ತೊಳ್ಕೊಂಡು, ಬೆನ್ನು ನೆಟ್ಟಗ ಮಾಡಿ, ಕಣ್ಣು ಅರ್ಧ ತೆರೆದು ಕೂಡ್ರಿ.

ಮೊದಲ ಎರಡು ನಿಮಿಷ ಏನೂ ಓದಬ್ಯಾಡ್ರಿ, ಉಸಿರು ತಿಳಿಯಾಗ್ಲಿ. ಆಮ್ಯಾಲ ಮಾರ್ಕನ ಸುವಾರ್ತಿಯಿಂದ ನಾಕರಿಂದ ಎಂಟು ವಚನ, ಅಷ್ಟೇ. ಬಾಯಿಬಿಟ್ಟು ಮೆಲ್ಲಗ ಓದ್ರಿ. ಸ್ವಲ್ಪ ತಡದು ಮತ್ತ ಅವನ್ನೇ ಓದ್ರಿ. ಎರಡನೇ ಸಲಕ್ಕ ಯಾವ ಮಾತು ಮನಸ್ಸಿಗಿ ತಟ್ಟತದೋ ಅದನ್ನ ಹಿಡ್ಕೊಂಡು ನಾಕು ನಿಮಿಷ ಸುಮ್ಮ ಇರ್ರಿ. ಕಡೀಗಿ ಒಂದೆರಡು ವಾಕ್ಯದ ಪ್ರಾರ್ಥನಿ. ಅಧ್ಯಾಯ ಮುಗಸೂ ಅವಸರ ಬ್ಯಾಡ. ವಚನ ಹೆಚ್ಚಾದ್ರ ಅದು ಬರೀ ಓದು ಆಗ್ತದ.

ಮನಸ್ಸು ಓಡೇ ಓಡ್ತದ. ಬೈಕೋಬ್ಯಾಡ್ರಿ, ಆ ಮಾತಿಗಿ ವಾಪಸ್ ಬರ್ರಿ. ಬಾಜೂಕ ಚೀಟಿ, ಪೆನ್ನು ಇರ್ಲಿ: ಗ್ಯಾಸ್ ಬುಕ್ ಮಾಡಬೇಕು ಅಂತ ನೆನಪಾದ್ರ ಬರದು ಇಟ್ರ ಮನಸ್ಸು ಅದನ್ನ ಬಿಡ್ತದ. ಫೋನಿನಾಗಿನ ಬೈಬಲ್ ಮಾತ್ರ ಬ್ಯಾಡ್ರಿ, ಒಂದು ಮೆಸೇಜ್ ಬಂದ್ರ ಮುಗೀತು.

ಉತ್ತರ (ಬೀದರ್)

ಇದು ಧ್ಯಾನ ಶಿಬಿರದವರ ದಾರಿಯಲ್ಲವೇ? ಮನಸ್ಸು ಖಾಲಿ ಮಾಡಿಕೊಳ್ಳಲು ಬೈಬಲ್ ಎಲ್ಲಿ ಹೇಳುತ್ತದೆ?

ಉತ್ತರ (ಕಲಬುರಗಿ, ಕಥೋಲಿಕ ಸಭೆ)

ಬ್ರದರ್, ಖಾಲಿ ಮಾಡಿ ಎಂದು ಇಲ್ಲಿ ಯಾರೂ ಹೇಳಿಲ್ಲ, ವಾಕ್ಯ ಕೈಯಲ್ಲೇ ಇದೆ. ಹಗಲಿರುಳು ಧರ್ಮಶಾಸ್ತ್ರವನ್ನು ಧ್ಯಾನಿಸುವವನನ್ನು 1ನೇ ಕೀರ್ತನೆಯೇ ಧನ್ಯನೆನ್ನುತ್ತದೆ. ಓದು, ಮೆಲುಕು, ಪ್ರಾರ್ಥನೆ, ವಿಶ್ರಾಂತಿ ಎಂಬ ನಾಲ್ಕು ಮೆಟ್ಟಿಲುಗಳನ್ನು 12ನೇ ಶತಮಾನದಲ್ಲಿ ಕಾರ್ಥೂಸಿಯನ್ ಎಂಬ ಕಥೋಲಿಕ ಸಂಘದ ಸನ್ಯಾಸಿ ಎರಡನೇ ಗೀಗೋ ಬರೆದಿಟ್ಟ. ಬಿಡುವಿಲ್ಲ ಎನ್ನುವವರು ಮಾರ್ಕ 1:32–37 ನೋಡಲಿ: ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು, ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಒಂಟಿಯಾಗಿ ಪ್ರಾರ್ಥಿಸಲು ಹೋದರು. ಎಲ್ಲರೂ ಹುಡುಕುತ್ತಿದ್ದಾರೆ ಎಂದು ಶಿಷ್ಯ ಸೀಮೋನ ಅಲ್ಲಿಗೂ ಬೆನ್ನಟ್ಟಿದ!

ಅತ್ತೆಯವರಿಗೆ ಇನ್ನೂ ಸುಲಭ. 23ನೇ ಕೀರ್ತನೆಯಲ್ಲಿ ಆರು ವಚನಗಳಿವೆ: ಸೋಮವಾರದಿಂದ ಶನಿವಾರ, ದಿನಕ್ಕೊಂದು. ನೀವು ಎರಡು ಸಲ ಓದಿ ಹೇಳಿ, ಅವರು ಬಾಯಲ್ಲಿ ಹಿಡಿದುಕೊಳ್ಳಲಿ. ಒಂದೇ ವಚನವನ್ನು ದಿನವಿಡೀ ಹೇಳಿಕೊಳ್ಳುವ ಪದ್ಧತಿಯನ್ನು 5ನೇ ಶತಮಾನದಲ್ಲೇ ಸನ್ಯಾಸಿ ಜಾನ್ ಕ್ಯಾಸಿಯನ್ ಬರೆದಿದ್ದಾನೆ. ಅವನು ಆರಿಸಿದ್ದು 70ನೇ ಕೀರ್ತನೆಯ ಮೊದಲ ವಚನ.

ಬೆಳಿಗ್ಗೆ ಆಗದವರು ರಾತ್ರಿ ಯೇಸುಸಭೆಯ (ಜೆಸ್ಯುಟ್) ಸ್ಥಾಪಕ ಸಂತ ಇಗ್ನೇಷಿಯಸರ ಐದು ಹೆಜ್ಜೆ ಹಿಡಿಯಬಹುದು: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಅವಲೋಕನ, ಕ್ಷಮೆ, ನಾಳೆಗೊಂದು ನಿರ್ಧಾರ. ಬಹಳ ಜನ ಎಡವುವುದು ಮೊದಲ ಹೆಜ್ಜೆಯಲ್ಲಿ. ಕೃತಜ್ಞತೆ ಬಿಟ್ಟು ನೇರ ತಪ್ಪುಗಳ ಲೆಕ್ಕಕ್ಕೆ ಇಳಿದರೆ ನಾಲ್ಕೇ ದಿನದಲ್ಲಿ ಅದು ಬೇಡವಾಗುತ್ತದೆ.

ಉತ್ತರ (ಯಾದಗಿರಿ ಕಡೆಯ ಸಭಾಪಾಲಕ)

ಸಭೆಯಲ್ಲೂ ಮಾಡಬಹುದು, ವಾಕ್ಯ ಓದಿದ ಮೇಲೆ, ಪ್ರಸಂಗಕ್ಕೆ ಮೊದಲು. ಎರಡೇ ನಿಮಿಷ. ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಪಾಸ್ಟರ್ ಮರೆತರೆಂದು ಯಾರಾದರೂ ಹಾಡು ಎತ್ತುತ್ತಾರೆ. ಕೀಬೋರ್ಡ್ ನಿಲ್ಲಬೇಕು, ಮೈಕ್ ಆಫ್ ಆಗಬೇಕು; ಹಿನ್ನೆಲೆಯಲ್ಲಿ ಸಂಗೀತ ಇದ್ದರೆ ಜನ ಅದನ್ನೇ ಕೇಳುತ್ತಾರೆ.

ಒಂದು ಎಚ್ಚರಿಕೆ. ಮೌನದಲ್ಲಿ ಹೊಳೆದದ್ದೆಲ್ಲ ದೇವರ ಮಾತಲ್ಲ. ದೇವರು ಕರೆದಾಗ ಬಾಲಕ ಸಮುವೇಲ ಯಾಜಕ ಏಲಿಯೇ ಕರೆದನೆಂದು ಮೂರು ಸಲ ಅವನ ಹತ್ತಿರ ಓಡಿದ, ಕರೆದದ್ದು ದೇವರೆಂದು ಏಲಿಗೂ ತಿಳಿದದ್ದು ಮೂರನೆಯ ಸಲ. ಹಣ, ಮದುವೆ, ನೌಕರಿಯ ವಿಷಯವಾದರೆ ಅದೇ ದಿನ ಹೆಜ್ಜೆ ಇಡಬೇಡಿ. ಬರೆದಿಡಿ, ವಾಕ್ಯದೊಂದಿಗೆ ತೂಗಿ, ಸಭೆಯ ಹಿರಿಯರೊಬ್ಬರಿಗೆ ಹೇಳಿ.

ರೋಗಿಯ ಮನೆಗೆ ಹೋದಾಗಲೂ ಈ ಅಭ್ಯಾಸ ಬೇಕು. ರೋಗದಿಂದ ನರಳುತ್ತಿದ್ದ ಯೋಬನ ಬಳಿ ಅವನ ಗೆಳೆಯರು ಏಳು ಹಗಲು ಏಳು ರಾತ್ರಿ ಸುಮ್ಮನೆ ಕೂತಿದ್ದರು, ಕೆಟ್ಟದ್ದು ಬಾಯಿ ತೆರೆದ ಮೇಲೆ. ರೋಗಿಯ ಮಾತು ಮುಗಿಯುವ ಮುಂಚೆ ವಚನ ಹೇಳಬೇಡಿ, ನಿಮ್ಮ ಕಾಯಿಲೆಯ ಕಥೆಯಂತೂ ಬೇಡವೇ ಬೇಡ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ತೊಗರಿ ರಾಶಿಯ ದಿನಗಳಲ್ಲಿ ನಸುಕಿಗೇ ಹೊಲಕ್ಕೆ ಹೊರಡುತ್ತೇವೆ, ಆಗ?

ಉತ್ತರ (ಕಲಬುರಗಿ)

ಆಗ ಒಂದು ವಚನ ಚೀಟ್ಯಾಗ ಬರಕೊಂಡು ಹೋಗ್ರಿ. ಬುತ್ತಿ ಬಿಚ್ಚೂಕಿಂತ ಮೊದಲು ಮೂರು ನಿಮಿಷ, ಮಂದಿಯಿಂದ ಹತ್ತು ಹೆಜ್ಜಿ ದೂರ. ರಾಶಿ ಮುಗಿದ ಮ್ಯಾಲ ಮತ್ತ ಹತ್ತು ನಿಮಿಷಕ್ಕ ಬರ್ರಿ, ಬಿಟ್ಟ ದಿನಗಳ ಬಾಕಿ ತೀರಸ್ಲಿಕ್ಕ ಹೋಗಬ್ಯಾಡ್ರಿ.