ಬೀಡಿ ತೆರಿಗೆ: ನಮ್ಮ ದಾವಣಗೆರೆ ಮನೆ ಗುಂಪಿನಲ್ಲಿ

ಚಿಕ್ಕಪ್ಪ: (ಫಾರ್ವರ್ಡ್) ‘ಸೇದುವವರು ಕಟ್ಟುವ ತೆರಿಗೆಯಿಂದಲೇ ಸರ್ಕಾರ ನಡೆಯುತ್ತದೆ. ಅವರನ್ನು ಬೈಯಬೇಡಿ.’ ಎಲ್ಲರೂ ಓದಿ. ನಿಜ ಇದು.

ಸವಿತಾ: ನಿಜ ಅಲ್ಲ ಚಿಕ್ಕಪ್ಪ. 2017-18ರಲ್ಲಿ ತಂಬಾಕಿನ ಕಾಯಿಲೆ, ಅಕಾಲ ಸಾವುಗಳಿಂದ ದೇಶಕ್ಕಾದ ನಷ್ಟ ಸುಮಾರು 1.77 ಲಕ್ಷ ಕೋಟಿ ರೂಪಾಯಿ. ತಂಬಾಕಿನ ಮೇಲಿನ ಅಬಕಾರಿ ಸುಂಕದಲ್ಲಿ 100 ರೂಪಾಯಿ ಬಂದರೆ, 816 ರೂಪಾಯಿ ಹೋಗುತ್ತದೆ ಅಂತ ಲೆಕ್ಕ.

ಚಿಕ್ಕಪ್ಪ: ಲೆಕ್ಕ ಬಿಡಮ್ಮ. ಬಡವನಿಗೆ ದಿನಕ್ಕೊಂದು ಕಟ್ಟು ಬೀಡಿ. ಅದನ್ನೂ ತುಟ್ಟಿ ಮಾಡಬೇಕಾ?

ಸವಿತಾ: ಅಪ್ಪನೂ ಇದನ್ನೇ ಹೇಳುತ್ತಿದ್ದರು. ಮಿಲ್ಲಿನ ರಾತ್ರಿ ಪಾಳಿ ಮುಗಿಸಿ ಬಂದು ಹಿತ್ತಲ ಕಟ್ಟೆ ಮೇಲೆ ಮೊದಲು ಬೀಡಿ, ಆಮೇಲೆ ಚಹಾ. ಕೊನೆ ವರ್ಷ ಆ ಕಟ್ಟೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಿದ್ದರು. ಬಾಗಿಲಿಗೆ ಕೈ ಊರುತ್ತಿದ್ದ ಜಾಗದಲ್ಲಿ ಬಣ್ಣ ಹೋಗಿದೆ, ಈಗಲೂ ಹಾಗೇ ಇದೆ. ಹತ್ತಿ ಧೂಳೂ ಕಾರಣ ಇರಬಹುದು, ಒಪ್ಪುತ್ತೇನೆ. ಆದರೆ ಡಾಕ್ಟರು ಮೊದಲು ಬಿಡಿ ಅಂದಿದ್ದು ಬೀಡಿಯನ್ನೇ. ಅಮ್ಮನ ಎರಡೆಳೆ ಸರ ಹೋಯಿತು. ನನ್ನ ಬಿ.ಎಡ್. ಒಂದು ವರ್ಷ ಹಿಂದೆ ಬಿತ್ತು. ಬೀಡಿ ಅಗ್ಗ ಇದ್ದು ನಮಗೆ ಏನು ಉಳಿಯಿತು? ಬೆಲೆಯಲ್ಲಿ ಶೇ 75ರಷ್ಟಾದರೂ ತೆರಿಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಡಿಗೆ ಕಾಲು ಭಾಗವೂ ಇಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟಿಗೆ ಸೆಸ್ ಅಂತ ಹೆಚ್ಚುವರಿ ತೆರಿಗೆ ಹಾಕಿದರು, ಬೀಡಿಗೆ ಹಾಕಲಿಲ್ಲ.

ಅತ್ತೆ: ನಮ್ಮ ಓಣಿ ಹೆಣ್ಣುಮಕ್ಕಳು ಮೊರ ತೊಡೆ ಮೇಲಿಟ್ಟುಕೊಂಡು ಬೀಡಿ ಕಟ್ಟಿ ಮಕ್ಕಳನ್ನು ಓದಿಸುತ್ತಿದ್ದಾರೆ. ಅವರ ಗತಿ ಏನೇ?

ಸವಿತಾ: ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ ಅತ್ತೆ. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ದಿನವಿಡೀ ತಂಬಾಕಿನ ಧೂಳು ಅವರ ಮೂಗಿಗೂ ಹೋಗುತ್ತದೆ. ತೆರಿಗೆ ದುಡ್ಡಲ್ಲಿ ಮೊದಲು ಅವರಿಗೆ ಬೇರೆ ಕಸುಬು ಕೊಡಲಿ. ಸುಮ್ನೆ ಬೆಲೆ ಏರಿಸಿ ಕೈ ತೊಳೆದುಕೊಂಡರೆ ನಾನೂ ಒಪ್ಪಲ್ಲ.

ಮಂಜು: ಬೆಲೆ ಜಾಸ್ತಿ ಆದರೆ ಬಿಡ್ತಾರಾ ಅಕ್ಕಾ? ನಾನು ಬಿಟ್ಟಿಲ್ಲ. ಒಂದೊಂದೇ ತಗೊಳ್ತೀನಿ.

ಸವಿತಾ: ಹಾಗೆ ಬಿಡಿಯಾಗಿ ಮಾರಬಾರದು ಅಂತ ನಮ್ಮ ರಾಜ್ಯದಲ್ಲಿ ಕಾನೂನಿದೆ ಮಂಜು. ಬೆಲೆ ಏರಿದರೆ ಶುರು ಮಾಡುವ ಹುಡುಗರು ಹಿಂದೆ ಸರಿಯುತ್ತಾರೆ. ನಿನಗೆ ಈ ನಂಬರ್: 1800-11-2356. ಬಿಡಲು ಸಹಾಯ ಮಾಡುತ್ತಾರೆ, ದುಡ್ಡಿಲ್ಲ. ಇವತ್ತೇ ಮಾಡು.

ಚಿಕ್ಕಪ್ಪ: ಅತ್ತಿಗೆ ಸರ ಮಾರಿದ್ದು ನನಗೆ ಯಾಕೆ ಹೇಳಲಿಲ್ಲ?

ಸವಿತಾ: ಆಗ ನೀವೂ ಅಂಗಡಿ ಸಾಲದಲ್ಲಿ ಇದ್ದಿರಿ. ಹೇಳಬೇಡ ಅಂದಿದ್ದು ಅಪ್ಪ.