ಮರೆಯಲಾಗದ ಲೈವ್ ಕ್ಷಣ ಯಾವುದು?

ಪ್ರಶ್ನೆ:
ಡೀಪ್ ಪರ್ಪಲ್ ಎಂಬ ರಾಕ್ ಬ್ಯಾಂಡ್‌ನ 1972ರ ಜಪಾನ್ ಕಛೇರಿಗಳ ಆಲ್ಬಂ ಅಣ್ಣನ ಕ್ಯಾಸೆಟ್‌ನಲ್ಲಿ ಮೊದಲು ಕೇಳಿದೆ. ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ನುಡಿಸಿದ್ದನ್ನು ಗಾಯಕ ಗಿಲನ್ ಗಂಟಲಲ್ಲೇ ವಾಪಸ್ ಹಾಡುತ್ತಾರೆ. ಟೇಪ್ ಸವೆದುಹೋಯಿತು, ಆ ಜಾಗ ಮಾತ್ರ ಇನ್ನೂ ಕಿವಿಯಲ್ಲಿದೆ. ನಿಮಗೆ ಹೀಗೆ ಅಂಟಿಕೊಂಡಿದ್ದು ಯಾವುದು?

ಉತ್ತರ 1:
ಕ್ವೀನ್ ಬ್ಯಾಂಡ್, ಲಂಡನ್ನಿನ ವೆಂಬ್ಲಿ ಸ್ಟೇಡಿಯಂ, 1985 ಜುಲೈ 13. ಬರೀ 21 ನಿಮಿಷ! ಗಾಯಕ ಫ್ರೆಡ್ಡಿ ಒಂದು ಸ್ವರ ಎಳೆಯುತ್ತಾರೆ, ಇಡೀ ಸ್ಟೇಡಿಯಂ ಅದನ್ನೇ ತಿರುಗಿ ಹಾಡುತ್ತದೆ. ಟಿವಿಯಲ್ಲಿ ನೋಡಿದರೂ ಮೈ ಜುಮ್ಮೆಂದಿತು.

ಉತ್ತರ 2:
ಲೆಡ್ ಜೆಪ್ಲಿನ್ ಬ್ಯಾಂಡ್, ಲಂಡನ್, 2007. ಅವರ ಡ್ರಮ್ಮರ್ ಜಾನ್ ಬಾನಮ್ ತೀರಿಹೋಗಿ ಆಗ 27 ವರ್ಷ. ಡ್ರಮ್ಸ್ ಹಿಂದೆ ಜಾನ್ ಅವರ ಮಗ ಜೇಸನ್. ವಿಡಿಯೊ ನೋಡುವಾಗ ನನಗೆ ಜೇಸನ್ ಅಪ್ಪನ ಡ್ರಮ್ ಪೆಟ್ಟೇ ಕೇಳಿಸಿತು. ಅತ್ತುಬಿಟ್ಟೆ.

ಪ್ರಶ್ನೆ ಕೇಳಿದವರು:
ಜೇಸನ್ ಬಗ್ಗೆ ನೀವು ಹೇಳಿದ್ದು ನಿಜ, ಅಲ್ವಾ? ಇವತ್ತು ರಾತ್ರಿ ಆ ವಿಡಿಯೊ ಮತ್ತೆ ಹಾಕುತ್ತೇನೆ, ವಾಲ್ಯೂಮ್ ಜಾಸ್ತಿ ಇಟ್ಟು.