ಸಹಾಯ ಬೇಕು: ಬೆಂಟೊನೈಟ್ ಸಾಕಷ್ಟು ಉಬ್ಬುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹೊಂಡದ ತಳದಲ್ಲಿ ನೀರು ಇಂಗದಂತೆ ಬೆಂಟೊನೈಟ್ (ನೀರು ಹೀರಿ ಉಬ್ಬುವ ಜೇಡಿಮಣ್ಣು) ಹಾಸಬೇಕೆಂದಿದ್ದೇನೆ. ಅಳತೆ ಜಾಡಿಯಲ್ಲಿ 100 ಮಿ.ಲೀ. ಡಿಸ್ಟಿಲ್ಡ್ ನೀರು ತೆಗೆದುಕೊಂಡು, 2 ಗ್ರಾಂ ಒಣ ಪುಡಿಯನ್ನು ಸ್ವಲ್ಪಸ್ವಲ್ಪವೇ ಉದುರಿಸಿ ಮರುದಿನ ನೋಡಿದರೆ ಬರೀ 8 ಮಿ.ಲೀ. ಉಬ್ಬಿದೆ. ಹೀಗೆ ತಳಕ್ಕೆ ಹಾಸಲು ಬಳಸುವ ಸೋಡಿಯಂ ಬೆಂಟೊನೈಟ್ ಸಾಮಾನ್ಯವಾಗಿ 24 ಮಿ.ಲೀ. ಆದರೂ ಉಬ್ಬಬೇಕು.

ಇದು ಕ್ಯಾಲ್ಸಿಯಂ ಬೆಂಟೊನೈಟ್ ಇರಬೇಕು ಅಂತ ನನ್ನ ಅಂದಾಜು. ಕ್ಯಾಲ್ಸಿಯಂ ಜೇಡಿಯ ಪದರಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ, ನೀರು ಹೆಚ್ಚು ಒಳಹೋಗುವುದಿಲ್ಲ. ಫೌಂಡ್ರಿಯಲ್ಲಿ ಲೋಹ ಎರಕದ ಅಚ್ಚು ಮಾಡುವ ಮರಳಿಗೆ ಅದೇ ಸಾಕಾಗಬಹುದು, ಹೊಂಡಕ್ಕೆ ಸಾಲದು.

ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್) ಬೆರೆಸಿ ಸೋಡಿಯಂ ರೂಪಕ್ಕೆ ತಂದವರು ಯಾರಾದರೂ ಇದ್ದೀರಾ? ತೂಕದ ಶೇಕಡಾ ಎಷ್ಟು ಹಾಕಿದಿರಿ? ಒದ್ದೆ ಮಾಡಿ ನಾದಲೇಬೇಕಾ? ಹೊಂಡದ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತೆ ಜೇಡಿಗೆ ಸೇರಿ ಸೋರಿಕೆ ಶುರುವಾಗುತ್ತದೆಯೇ ಎಂಬುದೇ ನನ್ನ ದೊಡ್ಡ ಚಿಂತೆ. ಅನುಭವ ಇದ್ದವರು ದಯವಿಟ್ಟು ತಿಳಿಸಿ.